ಸಾಂಟಾನ ಕಾಲಿಗೆ ಮರಳಿನ ಮೂಟೆ

ಕೀಲಿ ತಿರುಗಿಸಿದರೆ ಕಾರು ಒಮ್ಮೆ ನರಳಿ ಸುಮ್ಮನಾಯಿತು. ಲೆಸ್ಯಾ ಮತ್ತೆ ತಿರುಗಿಸಿದಳು. ಈ ಸಲ ನರಳಲೂ ಇಲ್ಲ. ಹಿಂದಿನ ಸೀಟಿನಲ್ಲಿ ಅವಳ ತಾಯಿ ಸ್ಟೆಫಾನಿಯಾ ಎರಡೆರಡು ಶಾಲು ಹೊದ್ದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇವತ್ತು ಅವಳ ಕಣ್ಣಿನ ಪೊರೆ ತೆಗೆಯುವ ದಿನ. ಬೇಸಿಗೆಯಿಂದ ಕಾದು ಸಿಕ್ಕ ಸರದಿ. ಹತ್ತಕ್ಕೆ ನಗರದ ಆಸ್ಪತ್ರೆ ಮುಟ್ಟದಿದ್ದರೆ ಅದು ಇನ್ಯಾರದೋ ಪಾಲು.

ಸಸ್ಕಾಚೆವನ್ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು, ಇಂಥ ಚಳಿಯಲ್ಲಿ ರಾತ್ರಿಯಿಡೀ ಇಂಜಿನ್ನಿಗೆ ಕರೆಂಟು ಕೊಟ್ಟು ಬೆಚ್ಚಗಿಡದಿದ್ದರೆ ಬೆಳಗ್ಗೆ ಕಾರು ಬರೀ ಕಲ್ಲು ಎಂದು. ಲೆಸ್ಯಾ ಇಳಿದು ನೋಡಿದಳು. ನಿನ್ನೆ ಸಂಜೆಯೇ ಗೋಡೆಯ ಪ್ಲಗ್ಗಿಗೆ ಕೈಯಾರೆ ಸಿಕ್ಕಿಸಿದ್ದ ವೈರು ಹಿಮದಲ್ಲಿ ಬಿದ್ದಿತ್ತು. ಅದರ ಜಾಗದಲ್ಲಿ ಬೇರೊಂದು ವೈರು. ಅದರ ತುದಿಯಲ್ಲಿ ಯಾರು? ಗಾಳಿ ತುಂಬಿಸಿಕೊಂಡು ಆಳೆತ್ತರ ನಿಂತ ಸಾಂಟಾ ಕ್ಲಾಸ್! ಝಗಝಗ ಹೊಳೆಯುತ್ತ ಅವಳಿಗೆ ಕೈ ಬೀಸುತ್ತಿದ್ದ.

"ರೋಮನ್!"

ಗಂಡ ಕಾಫಿ ಲೋಟ ಹಿಡಿದೇ ಬಾಗಿಲಿಗೆ ಬಂದ. "ಏನೇ ಅದು, ಬೀದಿಗೆಲ್ಲ ಕೇಳೋ ಹಾಗೆ?"

"ಇದನ್ನ ಯಾರು ಕಿತ್ತಿದ್ದು?"

"ಓ, ಅದಾ... ನಿನ್ನೆ ರಾತ್ರಿ ಕ್ರಿಸ್‌ಮಸ್ ಅಲಂಕಾರ ನೋಡೋಕೆ ತೀರ್ಪುಗಾರ್ರು ಬರೋರಿದ್ರು. ಪ್ರತಿ ವರ್ಷ ಎದುರುಮನೆ ಹಾರ್ವಿನೇ ಬಹುಮಾನ ಹೊಡ್ಕೋತಾನೆ. ಆಮೇಲೆ ಬದಲಾಯ್ಸೋಣ ಅಂತಿದ್ದೆ, ಮರ್ತೇ ಹೋಯ್ತು."

"ಮರ್ತೇ ಹೋಯ್ತಾ! ನಿನ್ನ ಪಿಕಪ್ ಟ್ರಕ್ಕು ಗ್ಯಾರೇಜಲ್ಲಿ ಬೆಚ್ಚಗೆ ಮಲಗಿರುತ್ತಲ್ಲ, ನಿಂಗ್ಯಾಕೆ ನೆನಪಿರುತ್ತೆ?"

"ಅದ್ರಲ್ಲೇ ಹೋದ್ರಾಯ್ತಪ್ಪ. ನಾನೇ ಓಡಿಸ್ತೀನಿ, ಗಾಳಿ ಥರ ಹೋಗ್ಬಿಡೋಣ."

ಗಾಳಿ ಥರವೇ ಹೋದ. ಹೆದ್ದಾರಿ ಸೇರುವ ತಿರುವಿನಲ್ಲಿ ಬ್ರೇಕು ಒತ್ತಿದ್ದೇ ತಡ, ಹಿಂಭಾಗ ಜಾರಿ ಟ್ರಕ್ಕು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಸ್ಟೆಫಾನಿಯಾ "ದೇವರೇ" ಎಂದು ಮಗಳ ತೋಳು ಹಿಡಿದುಕೊಂಡಳು. ಪುಣ್ಯಕ್ಕೆ ಎದುರಿಗೆ ಗಾಡಿ ಇರಲಿಲ್ಲ.

"ಹಿಂದೆ ಮರಳಿನ ಮೂಟೆ ಇಲ್ವಾ?" ಲೆಸ್ಯಾ ಕೇಳಿದಳು. ಖಾಲಿ ಟ್ರಕ್ಕು ಮಂಜುಗಡ್ಡೆಯ ಮೇಲೆ ಕಾಲೂರಬೇಕಾದರೆ ಹಿಂದೆ ಭಾರ ಇರಲೇಬೇಕು.

ರೋಮನ್ ಕಿಟಕಿಯಾಚೆ ನೋಡಿದ.

"ಎಲ್ಲಿ ಅಂತ ಕೇಳ್ದೆ."

"ಸಾಂಟಾ ಕಾಲಿಗೆ ಕಟ್ಟಿದೀನಿ. ಗಾಳಿಗೆ ಹಾರ್ಕೊಂಡು ಹೋಗ್ತಿದ್ದ."

ಲೆಸ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. "ಇಳಿ ಕೆಳಗೆ," ಎಂದಳು. ಮದುವೆಯಾದಾಗಿನಿಂದ ಆ ಡ್ರೈವರ್ ಸೀಟಿನಲ್ಲಿ ಅವಳು ಕೂತವಳಲ್ಲ, ಅವನು ಕೂರಿಸಿದವನೂ ಅಲ್ಲ. ಅವನು ತೆಪ್ಪಗೆ ಇಳಿದ.

ಮನೆಗೆ ವಾಪಸು ಬಂದು ಸಾಂಟಾನ ವೈರನ್ನು ಕಿತ್ತೆಸೆದಳು. ಸಾಂಟಾ ಉಸ್ಸೆಂದು ಕುಸಿದ. ರೋಮನ್ ಮೂಟೆಗೆ ಕೈ ಹಾಕಲು ಬಂದರೆ "ಮುಟ್ಬೇಡ!" ಎಂದು ಗದರಿ, ಒಂದೊಂದನ್ನೂ ತಾನೇ ಎತ್ತಿ ಟ್ರಕ್ಕಿಗೆ ಹೇರಿದಳು. ಆಮೇಲೆ ವೇಗ ಅರವತ್ತು ದಾಟದಂತೆ, ಮುಂದಿನ ಲಾರಿಗೆ ದೂರ ಬಿಟ್ಟು, ಬ್ರೇಕನ್ನು ಮೆಲ್ಲಗೆ ತುಳಿಯುತ್ತ ಓಡಿಸಿದಳು.

"ಹೀಗೆ ಹೋದ್ರೆ ಹತ್ತಕ್ಕೆ ಮುಟ್ಟಲ್ಲ ಕಣೇ," ಎಂದ ರೋಮನ್.

"ಗೊತ್ತು. ಬಾಯ್ಮುಚ್ಕೊಂಡು ಕೂತ್ಕೋ."

ಮುಟ್ಟಲಿಲ್ಲ. ಇವರು ಹೋಗುವಷ್ಟರಲ್ಲಿ ಬೇರೆ ಯಾರನ್ನೋ ಒಳಗೆ ಕರೆದಾಗಿತ್ತು. "ಇನ್ನು ಏಪ್ರಿಲ್‌ಗೇ," ಎಂದಳು ಕೌಂಟರಿನ ಹೆಂಗಸು. ಸ್ಟೆಫಾನಿಯಾ ಅವಳಿಗೇ ಥ್ಯಾಂಕ್ಸ್ ಹೇಳಿ ಶಾಲು ಹೊದ್ದುಕೊಂಡಳು. ತಾಯಿ ಒಂದು ಮಾತು ಬೈದಿದ್ದರೂ ಲೆಸ್ಯಾಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಮನೆ ಮುಂದೆ ಇಳಿದಾಗ ಮುದುಕಿ ಅಂಗಳದತ್ತ ಕಣ್ಣು ಕಿರಿದು ಮಾಡಿ ನಿಂತಳು. "ಅಲ್ಲೇನೋ ಕೆಂಪಗೆ ಕಾಣ್ಸುತ್ತಲ್ಲೇ. ಯಾರೋ ಬಿದ್ದಿದಾರೆ, ಎತ್ರೋ ಪಾಪ."

ರೋಮನ್ ಕಾರಿನ ವೈರನ್ನು ಹಿಮದಿಂದ ಎತ್ತಿ, ಒರೆಸಿ, ಪ್ಲಗ್ಗಿಗೆ ಸಿಕ್ಕಿಸಿ ಒಳಗೆ ಹೋದ.

ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಲೆಸ್ಯಾ ಮತ್ತೆ ಕೋಟು ಹಾಕಿಕೊಂಡು ಹೊರಗೆ ಬಂದಳು. ಬಗ್ಗಿ, ರೋಮನ್ ಸಿಕ್ಕಿಸಿದ್ದ ವೈರು ಗಟ್ಟಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿದಳು.