ಹತ್ತನೆಯ ದಿನದ ಬಳೆಗಳು

ಟೆಕ್ಸಾಸಿನ ಕಾಪೆಲ್‌ನಿಂದ ಹೊರಡುವಾಗ ಇಂದುಮತಿ ಎಂದಿನಂತೆ ಬುತ್ತಿ ಕಟ್ಟಿದರು. ಮೊಸರನ್ನ, ಚಪಾತಿ, ಗಂಡನ ಬಿ.ಪಿ. ಮಾತ್ರೆ. ಹೊರಟದ್ದು ನಾಲ್ಕು ಗಂಟೆ ದಾರಿಯ ಸೈಪ್ರೆಸ್‌ಗೆ, ಗುರುರಾಜನ ಹತ್ತನೆಯ ದಿನದ ಕರ್ಮಕ್ಕೆ. ಟೆಕ್ಸಾಸಿನ ಕನ್ನಡಿಗರಿಗೆ ಮೈಸೂರಿನಲ್ಲಿ ಸೈಟು ಕೊಡಿಸುತ್ತಿದ್ದ ಏಜೆಂಟ್ ಆತ. ಬಡಾವಣೆಯ ಕಂಪನಿ ಬಾಗಿಲು ಹಾಕಿದಾಗ "ನಿಮ್ಮ ಅಡ್ವಾನ್ಸ್ ನಾನೇ ಕೊಡ್ತೀನಿ" ಎಂದು ಎಲ್ಲರಿಗೂ ಮಾತು ಕೊಟ್ಟು, ಐವತ್ತೂ ತುಂಬದೆ ಎದೆ ಹಿಡಿದುಕೊಂಡು ಹೋಗಿಬಿಟ್ಟ.

"ದುಡ್ಡಿನ ವಿಷಯ ಇವತ್ತು ಎತ್ತಬೇಡಿ," ಎಂದರು ಇಂದುಮತಿ.

"ನಾನೆಲ್ಲಿ ಎತ್ತಿದೆ? ಗುರುರಾಜನ ಅಮ್ಮನೇ ಫೋನ್ ಮಾಡಿ ಕರೆದ್ರು," ಎಂದರು ಗಂಡ ವೆಂಕಟಗಿರಿ. ನಿವೃತ್ತ ಡಾಕ್ಟರು, ಕೆಟ್ಟವರಲ್ಲ. ಆದರೆ ಸೈಟಿಗೆಂದು ಕೊಟ್ಟ ಹಣ ಅವರಿಗೆ ತುತ್ತು ತುತ್ತಿಗೂ ನೆನಪಾಗುತ್ತಿತ್ತು.

ಸೈಪ್ರೆಸ್‌ನ ಮನೆಯಲ್ಲಿ ಗುರುರಾಜನ ಹೆಂಡತಿ ವೈದೇಹಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಕೆನ್ನೆಗೆ ಅರಿಸಿನ, ತಲೆತುಂಬ ಹೂವು, ಕೈತುಂಬ ಹಸಿರು ಗಾಜಿನ ಬಳೆ, ನಡುವೆ ನಾಲ್ಕು ಬಂಗಾರದವು. ಕೊನೆಯ ಸಲ ಸಿಂಗರಿಸುವುದು, ಆಮೇಲೆ ಎಲ್ಲರೆದುರು ಕಿತ್ತುಕೊಳ್ಳುವುದು. ಇಂಥ ಕ್ರೌರ್ಯಕ್ಕೆ ನಾವು ಶಾಸ್ತ್ರವೆಂದು ಹೆಸರಿಟ್ಟು, ಅದನ್ನು ಸಮುದ್ರ ದಾಟಿಸಿ ತಂದಿದ್ದೇವೆ.

ವೈದೇಹಿಯ ಅತ್ತೆ ನಾಗಮಣಿ ಡಾಕ್ಟರತ್ತ ತಿರುಗಿದರು. "ನನ್ನ ಮಗ ಋಣ ಉಳಿಸ್ಕೊಂಡು ಹೋಗಬಾರದು, ಡಾಕ್ಟ್ರೇ. ಇವತ್ತು ಹೇಗೂ ಇವಳ ಕೈ ಬರಿದಾಗುತ್ತೆ. ಈ ಬಂಗಾರದ ಬಳೆ ನೀವೇ ತಗೊಳ್ಳಿ. ಇಂದುಮತಿಯವರು ಮುತ್ತೈದೆ, ಹಾಕ್ಕೊಳ್ಲಿ."

ಇಂದುಮತಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಹೋದ ಯುಗಾದಿಗೆ ಇದೇ ಬಳೆಗಳನ್ನು ಬಾಯ್ತುಂಬ ಮೆಚ್ಚಿದ್ದರು. ಗಂಡ ಬೇಡವೆನ್ನಲೆಂದು ಅವರ ಮುಖ ನೋಡಿದರು. ವೆಂಕಟಗಿರಿ ಬಳೆಗಳನ್ನೇ ನೋಡುತ್ತಿದ್ದರು.

"ಇವು ನಮ್ಮಮ್ಮ ಕೊಟ್ಟಿದ್ದು, ಅತ್ತೆ," ಎಂದಳು ವೈದೇಹಿ. "ಸಾಲ ನಾನು ತೀರಿಸ್ತೀನಿ. ಈ ಮನೆ ಮಾರ್ತೀನಿ, ಲ್ಯಾಬ್ ಕೆಲಸ ಇದೆ. ಬಳೆ ಯಾಕೆ?"

"ಗಂಡ ಹೋದವಳಿಗೆ ಬಂಗಾರ ಯಾಕಮ್ಮ? ನಂದೂ ತೆಗೆದ್ರು. ನಾನು ಬಾಯಿಬಿಟ್ನಾ?"

"ನಿಮ್ಮದು ಎಲ್ಲಿ ಹೋಯ್ತು?"

ನಾಗಮಣಿ ತಡವರಿಸಿದರು. "ಸಾಲಕ್ಕೆ ಅಂತ ಮೈದುನ ತಗೊಂಡ." ಆಮೇಲೆ ದನಿ ತಗ್ಗಿಸಿ, "ಅವನ ಹೆಂಡತಿ ಈಗಲೂ ಹಾಕ್ಕೊಂಡಿದಾಳೆ," ಎಂದರು.

ಆದರೂ ಮುದುಕಿಯ ಕೈ ಸೊಸೆಯ ಮುಂಗೈಯನ್ನು ಹಿಡಿದೇಬಿಟ್ಟಿತು. ವೈದೇಹಿ ಕೊಸರಿಕೊಂಡಳು. ಗಾಜಿನ ಬಳೆಯೊಂದು ಚೂರಾಗಿ ರಕ್ತ ಹರಿಯಿತು.

ವೆಂಕಟಗಿರಿ ಹೆಂಡತಿಯ ಕಿವಿಯ ಬಳಿ ಬಗ್ಗಿದರು. "ಅವರಾಗಿ ಕೊಡ್ತಿದಾರಲ್ಲ, ಇಂದುಮತಿ."

ಇಂದುಮತಿ ಎದ್ದು ನಿಂತರು. "ನಂಗೆ ಬೇಡ. ನಾಳೆ ನೀವು ಹೋದ್ರೆ, ನನ್ನ ಬಳೆ ಯಾರ ಕೈಗೆ ಹಾಕ್ತಾರೆ, ಹೇಳಿ?"

ಯಾರೋ "ಅಪಶಕುನ ನುಡೀಬೇಡಿ ಆಂಟಿ" ಎಂದರು. ಇಂದುಮತಿ ಕುಳಿತುಕೊಳ್ಳಲಿಲ್ಲ.

ವೈದೇಹಿ ಮಣೆಯಿಂದ ಎದ್ದಳು. ನೆಟ್ಟಗೆ ನಡೆದು ಊಟದ ಮೇಜಿನ ಮುಂದೆ, ಗುರುರಾಜ ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತಳು. "ಬನ್ನಿ ಅಂಕಲ್. ನಿಮಗೆ ಎಷ್ಟು ಬರಬೇಕು, ಯಾವಾಗ ಕೊಡಲಿ, ನನ್ನ ಹತ್ರ ಮಾತಾಡಿ."

ವೆಂಕಟಗಿರಿ ಎದುರಿಗೆ ಕುಳಿತರು. ಅವಳು ಕೈ ಆಡಿಸಿದಾಗಲೆಲ್ಲ ಬಳೆ ಸದ್ದಾಗುತ್ತಿತ್ತು, ಅವರು ತಲೆ ಎತ್ತಲಿಲ್ಲ.

ನಾಗಮಣಿ ಬಹಳ ಹೊತ್ತು ತಮ್ಮ ಬರಿ ಮಣಿಕಟ್ಟನ್ನು ಸವರಿಕೊಳ್ಳುತ್ತ ನಿಂತಿದ್ದರು. ಆಮೇಲೆ ಅಡುಗೆಮನೆಯಿಂದ ಚಿಟಿಕೆ ಅರಿಸಿನ ತಂದು ಸೊಸೆಯ ಗಾಯಕ್ಕೆ ಒತ್ತಿದರು. ಬಳೆಗಳನ್ನು ಮುಟ್ಟಲಿಲ್ಲ.