ಆ ಗುಡ್ಡದಲ್ಲಿಲ್ಲದ ಕಲ್ಲು

ಕಲ್ಲು ಒಡೆಯುವುದು ಅವಳ ಉದ್ಯೋಗ. ಹನ್ನೊಂದು ವರ್ಷದಿಂದ ಅದೇ ಪ್ರಯೋಗಾಲಯ, ಅದೇ ಯಂತ್ರ. ನೆಲ ಕೊರೆದು ತಂದ ಕಲ್ಲಿನ ತುಂಡುಗಳನ್ನು ಯಂತ್ರದಲ್ಲಿ ನಿಲ್ಲಿಸಿ, ಎಷ್ಟು ಒತ್ತಿದರೆ ಪುಡಿಯಾಗುತ್ತವೆಂದು ಬರೆದುಕೊಳ್ಳಬೇಕು. ತಲೆ ಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ, ರಸ್ತೆಗಾಗಿ ಕಡಿಯುತ್ತಿದ್ದ ಗುಡ್ಡದ ಕಲ್ಲು ಬರುವವರೆಗೆ.

ಇಪ್ಪತ್ತು ತುಂಡುಗಳು, ಎಲ್ಲವೂ ಬೂದು ಬಣ್ಣದವು, ಅವಳಿಜವಳಿಗಳ ಹಾಗೆ. ಹತ್ತು ತುಂಡುಗಳು ಹನ್ನೆರಡು ಟನ್ ಭಾರದ ಆಸುಪಾಸಿನಲ್ಲಿ ಒಡೆದವು. ಉಳಿದ ಹತ್ತು ಎರಡಕ್ಕೇ ಕೈಚೆಲ್ಲಿದವು.

"ಒಂದೇ ಗುಡ್ಡ, ಒಂದೇ ಬಣ್ಣ. ಹೀಗ್ಹೇಗಾಗುತ್ತೆ?" ಎಂದರು ಇಂಜಿನಿಯರ್ ಸಾಹೇಬರು, ಕಾಗದದಿಂದ ತಲೆಯೆತ್ತದೆ. "ತುಂಡುಗಳ ತುದಿ ಸಮ ಬರೋ ಹಾಗೆ ಉಜ್ಜಿಲ್ಲ ನೀವು. ಮತ್ತೆ ಮಾಡಿ."

ಪೆಟ್ಟಿಗೆಯಲ್ಲಿ ಉಳಿದಿದ್ದ ತುಂಡುಗಳನ್ನು ತೆಗೆದು, ಕನ್ನಡಿಯ ಹಾಗೆ ಉಜ್ಜಿ, ಮತ್ತೆ ಮಾಡಿದಳು. ಅದೇ ಹನ್ನೆರಡು, ಅದೇ ಎರಡು. ಮೂರನೆಯ ಸಲವೂ ಅಷ್ಟೇ. ರೇಗಿಹೋಗಿ, ಎರಡೂ ಬಗೆಯ ಚೂರುಗಳನ್ನು ಎರಡು ಲೋಟ ನೀರಿಗೆ ಹಾಕಿದಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದು ಹಾಗೇ ಇತ್ತು. ಇನ್ನೊಂದು ಊದಿ, ಪದರ ಬಿಚ್ಚಿ, ಕೆಸರಾಗಿತ್ತು.

ಲೋಟಗಳನ್ನು ಹಿಡಿದುಕೊಂಡೇ ಸಾಹೇಬರ ಕೋಣೆಗೆ ಹೋದಳು. "ನೋಡಿ ಸರ್, ಬಣ್ಣ ಒಂದೇ, ಒಳಗಿರೋದು ಬೇರೆ. ಇದರಲ್ಲಿ ಕಣಗಳನ್ನ ಸುಣ್ಣ ಬಿಗಿದು ಹಿಡಿದಿದೆ. ಅದರಲ್ಲಿರೋದು ನೀರು ಕುಡಿದು ಉಬ್ಬೋ ಜೇಡಿ ಇರಬೇಕು. ಎಕ್ಸ್‌ರೇ ಪರೀಕ್ಷೆಗೆ ಕಳಿಸೋಣ. ಯಾವ ಖನಿಜ ಎಷ್ಟಿದೆ ಅಂತ ಗೊತ್ತಾಗುತ್ತೆ."

"ನನಗೆ ಬೇಕಾಗಿರೋದು ಅಂಕಿ, ಪುರಾಣ ಅಲ್ಲ. ಸರಾಸರಿ ತೆಗೆದು ಏಳು ಅಂತ ಬರೀರಿ."

"ಏಳರ ಕಲ್ಲು ಆ ಗುಡ್ಡದಲ್ಲಿ ಎಲ್ಲೂ ಇಲ್ಲ ಸರ್."

"ವರದೀಲಿದ್ರೆ ಸಾಕು."

ಅವಳು ಸಹಿ ಹಾಕಲಿಲ್ಲ. ಸಾಹೇಬರೇ ಹಾಕಿ ಕಳಿಸಿದರು. ಎಕ್ಸ್‌ರೇಗೆ ಅವಳು ತಾನಾಗಿಯೇ ಕಳಿಸಿದ ಪುಡಿಯ ಫಲಿತಾಂಶಕ್ಕೆ ಇನ್ನೂ ಎರಡು ವಾರವಿತ್ತು.

ಆ ಗುಡ್ಡದ ಬುಡದಲ್ಲಿ ಅಗೆಯುವ ಯಂತ್ರ ಓಡಿಸುತ್ತಿದ್ದವನು ಅವಳ ಸ್ವಂತ ಅಣ್ಣ. ಭಾನುವಾರ ಮನೆಗೆ ಬಂದವನು, "ಯಾಕೇ, ಮುಖ ಊದಿಸ್ಕೊಂಡಿದೀಯ?" ಎಂದ. ಅವಳು ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ.

"ನಿಜ ಕಣೇ. ಒಣಗಿದ್ದಾಗ ಆ ಕಲ್ಲು ಯಂತ್ರದ ಬಕೆಟ್ಟಿನ ಹಲ್ಲನ್ನೇ ಸವೆಸುತ್ತೆ. ಮಳೆ ಬಿದ್ದ ಮಾರನೇ ದಿನ ಸೋಪಿನ ಹಾಗೆ ಜಾರುತ್ತೆ."

"ಹಾಗಿದ್ರೆ ಮಳೆ ಬಂದಾಗ ಅಲ್ಲಿ ನಿಲ್ಬೇಡಣ್ಣ."

"ಮೇಸ್ತ್ರಿ ಬಿಡಬೇಕಲ್ಲ?"

"ಗುಡ್ಡ ಬೀಳೋದು ಮೇಸ್ತ್ರಿ ತಲೆ ಮೇಲಲ್ಲ, ನಿನ್ನ ತಲೆ ಮೇಲೆ!"

ಮುಂದಿನ ವಾರ ಎರಡು ದಿನ ಎಡೆಬಿಡದೆ ಮಳೆ ಸುರಿಯಿತು. ಮೂರನೆಯ ದಿನ ಬೆಳಿಗ್ಗೆ ಅಣ್ಣ ಮೇಸ್ತ್ರಿಯ ಬೈಗುಳಕ್ಕೆ ಕಿವಿಗೊಡದೆ ಯಂತ್ರವನ್ನು ರಸ್ತೆಯ ಆಚೆಗೆ ಒಯ್ದು ನಿಲ್ಲಿಸಿದ. ಮಧ್ಯಾಹ್ನ ಗುಡ್ಡದ ಒಂದು ಪಕ್ಕವೇ ಕುಸಿದು ಕೂತಿತು. ಅಡಿಯಲ್ಲಿ ಯಾರೂ ಇರಲಿಲ್ಲ.

"ನಾನಿದೀನಿ," ಎಂದ ಫೋನಿನಲ್ಲಿ. "ಹೇಳದೆ ಕೇಳದೆ ಯಂತ್ರ ತೆಗೆದೆ ಅಂತ ನೋಟಿಸು ಕೊಟ್ಟಿದಾರೆ, ಅದೊಂದು."

ಶುಕ್ರವಾರ ಫಲಿತಾಂಶ ಬಂತು. ಗಟ್ಟಿ ಕಲ್ಲಿನಲ್ಲಿ ಉಬ್ಬುವ ಜೇಡಿ ನೂರಕ್ಕೆ ನಾಲ್ಕು ಪಾಲು. ದುರ್ಬಲ ಕಲ್ಲಿನಲ್ಲಿ ಮೂವತ್ತೆಂಟು. ಅದನ್ನು ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು.

"ಇದನ್ನ ಮೊದಲೇ ಹೇಳಬಾರದಿತ್ತೇನ್ರೀ?"

"ಹೇಳಿದ್ದೆ ಸರ್. ಲೋಟ ತಂದು ತೋರಿಸಿದ್ದೆ."

"ಬರವಣಿಗೇಲಿ ಕೊಡಬೇಕಿತ್ತು."

ಗುಡ್ಡದ ಇಳಿಜಾರು ಕಡಿಮೆ ಮಾಡಿ, ನೀರು ಹರಿಯಲು ಚರಂಡಿ ತೋಡಬೇಕೆಂದು ಹೊಸ ವರದಿ ಹೋಯಿತು, ಸಾಹೇಬರ ಹೆಸರಿನಲ್ಲಿ. ಅದರ ಪ್ರಕಾರ ಕುಸಿತಕ್ಕೆ ಕಾರಣ, ಅನಿರೀಕ್ಷಿತ ಮಳೆ. ಅಣ್ಣನ ನೋಟಿಸಿನ ಬಗ್ಗೆ ಕೇಳಿದರೆ, "ಅದು ಗುತ್ತಿಗೆದಾರರ ವಿಷಯ" ಎಂದುಬಿಟ್ಟರು.

ಅವಳು ತನ್ನ ಜಾಗಕ್ಕೆ ಬಂದು ಮೇಲಧಿಕಾರಿಗಳಿಗೆ ಪತ್ರ ಬರೆಯತೊಡಗಿದಳು. ಎರಡು ಕಲ್ಲಿಗೂ ಬೇರೆ ಬೇರೆ ಅಂಕಿ, ಪರೀಕ್ಷೆ ಮಾಡಿದ ತಾರೀಕು, ತಾನು ಹೇಳಿದ್ದು, ಸಾಹೇಬರು ಹೇಳಿದ್ದು, ಮಳೆಗೂ ಮುಂಚೆ ಅಣ್ಣ ಕಂಡದ್ದು. ಸರಾಸರಿ ಎಲ್ಲಿಯೂ ಇಲ್ಲ. ಬರೆದು ಮುಗಿಸುವಾಗ ಬೆರಳು ನೋಯುತ್ತಿದ್ದವು.

ಟಪಾಲು ಗುಮಾಸ್ತ ಪತ್ರವನ್ನು ತಿರುಗಿಸಿ ನೋಡಿದ. "ಎಷ್ಟು ಒತ್ತಿ ಬರ್ದಿದೀರಿ ಮೇಡಂ, ಕಾಗದ ಹರ್ದಿದೆ."

"ಹರಿದ್ರೆ ಹರೀಲಿ," ಎಂದಳು. "ಮೊದಲು ತಲುಪಿದೆ ಅಂತ ತಾರೀಕಿನ ಮುದ್ರೆ ಹಾಕಿ."