ತಣ್ಣೀರಿನ ಕಡೆಯವನು

ನೆರೈದಾ ಗಂಡನ ಪ್ಯಾಂಟಿನ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕೀಳುತ್ತಿದ್ದಳು. ಇದ್ದ ಒಂದೇ ಒಳ್ಳೆಯ ಪ್ಯಾಂಟನ್ನೂ ಬೆನಿಗ್ನೊ ಮೊಣಕಾಲಿನವರೆಗೆ ಮಡಚಿ ಹೊಲಿಸಿಕೊಂಡಿದ್ದ. ನೀರಲ್ಲಿ ನಿಲ್ಲುವವನಿಗೆ ಉದ್ದ ಪ್ಯಾಂಟು ಯಾಕೆ ಎನ್ನುತ್ತಿದ್ದ. ಈಗ ಅದೇ ಪ್ಯಾಂಟಿನಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದ.

"ಬಿಡೇ ಮಾರಾಯ್ತಿ, ಪೆಟ್ಟಿಗೆ ಒಳಗೆ ಕಾಲು ಯಾರು ನೋಡ್ತಾರೆ?" ಎಂದಳು ಪಕ್ಕದ ಮನೆಯ ಓತಿಲಿಯಾ.

"ನಾನು ನೋಡ್ತೀನಿ."

ಬಾಗಿಲಲ್ಲಿ ರೊಸೆಂದೊ ಹ್ಯಾಟು ತೆಗೆದು ನಿಂತ. ಸಕ್ಕರೆ ಕಾರ್ಖಾನೆಯ ಬಾಯ್ಲರುಗಳಿಗೆ ಅವನೇ ಮೇಸ್ತ್ರಿ. ನೆರೈದಾಳ ಮಗಳಿಗೆ ಧರ್ಮಪಿತ. ಹಾಗಾಗಿ ಗಂಡ ಹೆಂಡತಿ ಇಬ್ಬರಿಗೂ ಕಂಪಾದ್ರೆ, ನೆಂಟನಿದ್ದ ಹಾಗೆ. ಮಗಳು ಕೊಟ್ಟ ಪುಟ್ಟ ಲೋಟದ ಕಾಫಿಯನ್ನು ನಿಂತೇ ಕುಡಿದ.

"ಕಂಪಾದ್ರೆ, ನಾಲ್ಕಕ್ಕೆ ಎತ್ತಬೇಕು," ಎಂದಳು ನೆರೈದಾ. "ಪೆಟ್ಟಿಗೆ ಹೋಗುವಾಗ ಕಾರ್ಖಾನೆ ಸೀಟಿ ಹಾಕಿಸ್ತೀಯ ತಾನೆ?"

ರೊಸೆಂದೊ ಲೋಟದ ತಳ ನೋಡಿದ. "ಸೀಟಿ ಬೆಂಕಿಯವರಿಗೆ, ನೆರೈದಾ. ಒಲೆ ಮುಂದೆ ಸುಟ್ಟುಕೊಂಡವರಿಗೆ. ನಮ್ಮಪ್ಪನ ಕಾಲದಿಂದ ಹಾಗೇ ಇದೆ. ಇವತ್ತು ಇವನಿಗೆ ಹಾಕಿದ್ರೆ ನಾಳೆ ಗುಮಾಸ್ತನ ಹೆಂಡತಿ ಬಂದು ನಿಲ್ತಾಳೆ."

"ಇವನು ಗುಮಾಸ್ತನಾ?"

"ಅಲ್ಲ. ಆದ್ರೆ ಕಪ್ಪೆಗೆ ಸೀಟಿ ಹಾಕಿದ್ರೆ ನಮ್ಮ ಹುಡುಗರು ನಗ್ತಾರೆ. ಬೇಜಾರು ಮಾಡ್ಕೋಬೇಡ."

ಕಾರ್ಖಾನೆಯಲ್ಲಿ ಎಲ್ಲರೂ ಬೆನಿಗ್ನೊನನ್ನು ಕಪ್ಪೆ ಎಂದೇ ಕರೆಯುತ್ತಿದ್ದರು. ನೆರೈದಾ ಬ್ಲೇಡು ಒರೆಸಿ ಇನ್ನೊಂದು ಕಾಲಿನ ಹೊಲಿಗೆಗೆ ಕೈ ಹಾಕಿದಳು.

*

ಮದುವೆಯಾದ ವರ್ಷ ಅವಳೇ ಅವನಿಗೆ ಹೇಳಿದ್ದಳು, ಬೆಂಕಿಯ ಕಡೆ ಕೆಲಸ ಕೇಳು ಅಂತ. ಬೆಂಕಿಯವರಿಗೆ ಮರ್ಯಾದೆ ಇತ್ತು, ಬಾರಿನಲ್ಲಿ ಜಾಗ ಬಿಡುತ್ತಿದ್ದರು. ಇವನು ಮಾತ್ರ ಬೆಟ್ಟದ ತಣ್ಣನೆಯ ಬುಗ್ಗೆಯಿಂದ ತುಂಬುವ ಕೊಳದಲ್ಲಿ ನಿಂತು, ಚಕ್ರ ತಿರುಗಿಸಿ ಬಂದ ಉಗಿಯನ್ನು ತಣಿಸಲು ನೀರೊಯ್ಯುವ ಕೊಳವೆಯ ಬಾಯಿಯ ಜಾಲರಿಗೆ ಅಂಟುವ ಅಂತರಗಂಗೆ ಕೀಳುತ್ತಿದ್ದ. ಪ್ರತಿ ಎರಡು ಗಂಟೆಗೊಮ್ಮೆ. ರಾತ್ರಿ ಪಾಳಿಯವನನ್ನೂ ನಂಬದೆ ಬೆಳಗಿನ ಜಾವ ತಾನೇ ಹೋಗಿ ನೋಡುತ್ತಿದ್ದ.

ಒಂದು ಮಧ್ಯಾಹ್ನ ಕೊಳದಿಂದ ಬಂದವನು ಅಂಗೈಗಳನ್ನು ಅವಳ ಬೆನ್ನಿಗೆ ಒತ್ತಿದ್ದ. ಅವಳು ಬೆಚ್ಚಿ, "ನನ್ನ ಬಿಸಿ ಕದೀತೀಯಾ?" ಎಂದಿದ್ದಳು.

"ಕದಿಯೋದೇನು, ಅದೇ ಬರುತ್ತೆ. ಬಿಸಿ ಯಾವಾಗಲೂ ತಣ್ಣಗಿರೋ ಕಡೆಗೇ ಹೋಗೋದು. ಹೋಗೋ ದಾರೀಲಿ ಚಕ್ರ ತಿರುಗಿಸಿ ಹೋಗುತ್ತೆ. ರೊಸೆಂದೊ ಕಳಿಸ್ತಾನೆ, ನಾನು ಬರಮಾಡ್ಕೋತೀನಿ. ನಾನಿಲ್ಲದಿದ್ರೆ ಅದು ಎಲ್ಲಿಗೆ ಹೋಗಬೇಕು?"

"ಇದನ್ನ ಬಾರಲ್ಲಿ ಹೇಳು."

"ಹೇಳಿದೆ. ನಕ್ಕರು."

ಕೈ ತೆಗೆಯುವ ಹೊತ್ತಿಗೆ ಅವು ಬೆಚ್ಚಗಾಗಿದ್ದವು. ಅವಳು ಮತ್ತೆ ಬೆಂಕಿಯ ಕೆಲಸದ ಮಾತೆತ್ತಲಿಲ್ಲ. ಆದರೆ ಬೇರೆಯವರ ಗಂಡಂದಿರಿಗೆ ಸೀಟಿ ಕೂಗಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

*

ಮೂರು ಗಂಟೆಗೆ ಕಾರ್ಖಾನೆಯ ಸದ್ದು ಬದಲಾಯಿತು. ಕಬ್ಬಿನ ಸುಗ್ಗಿಯಲ್ಲಿ ಆ ಊರಿನವರು ಆ ಸದ್ದಿನೊಳಗೇ ಉಣ್ಣುತ್ತಾರೆ, ಮಲಗುತ್ತಾರೆ. ಗಾಣದ ದೊಡ್ಡ ಚಕ್ರ ಏದುಸಿರು ಬಿಡುವಂತೆ ನಿಧಾನವಾಗುತ್ತಿತ್ತು. ಹೆಣದ ಕಾವಲಿಗೆಂದು ಬಂದು ಅಂಗಳದಲ್ಲಿ ಡಾಮಿನೊ ಆಡುತ್ತಿದ್ದವರ ಕೈ ನಿಂತಿತು.

ಬಾಯ್ಲರಿನ ಕೆಲಸದ ಚುಚೊ, ಇನ್ನೂ ಅಲ್ಲೇ ಇದ್ದ ರೊಸೆಂದೊನ ಬಳಿಗೆ ಓಡಿಬಂದ. ಮೈಯೆಲ್ಲ ಮಸಿ. "ಮೇಸ್ತ್ರಿ, ಉಗಿ ಬೇಕಾದಷ್ಟಿದೆ. ಚಕ್ರ ಮಾತ್ರ ತಿರುಗ್ತಿಲ್ಲ."

"ಒಲೆಗೆ ಇನ್ನೂ ಕಬ್ಬಿನ ಸಿಪ್ಪೆ ಹಾಕ್ರೋ."

"ಹಾಕಿದ್ವಿ. ಒತ್ತಡದ ಮುಳ್ಳು ಕೆಂಪು ಗೆರೆಗೆ ಬಂತು. ಹಾಕಿದಷ್ಟೂ ಚಕ್ರ ನಿಧಾನ ಆಗ್ತಿದೆ."

ರೊಸೆಂದೊ ಹ್ಯಾಟು ಹಾಕಿಕೊಂಡ, ಮತ್ತೆ ತೆಗೆದ. ಬೆಂಕಿಯವರಿಗೆ ಗೊತ್ತಿದ್ದ ಮದ್ದು ಬೆಂಕಿ ಒಂದೇ.

ನೆರೈದಾ ಪೆಟ್ಟಿಗೆಯ ಪಕ್ಕದಿಂದ ಏಳದೆ ಕೇಳಿದಳು: "ನಿನ್ನೆ ಬೆಳಿಗ್ಗೆಯಿಂದ ಜಾಲರಿ ಯಾರು ನೋಡಿದ್ದಾರೆ?"

ಬೆನಿಗ್ನೊ ಸತ್ತದ್ದು ನಿನ್ನೆ ಬೆಳಿಗ್ಗೆ. ಹೂವಿಗೆ ಒಬ್ಬ ಹೋಗಿದ್ದ, ಪಾದ್ರಿಯನ್ನು ಕರೆತರಲು ಮತಾನ್ಸಾಸ್ ಪಟ್ಟಣಕ್ಕೆ ರಾತ್ರಿ ಪಾಳಿಯವನೇ ಹೋಗಿದ್ದ. ಕೊಳಕ್ಕೆ ಯಾರೂ ಹೋಗಿರಲಿಲ್ಲ.

"ಒಲೆ ತಗ್ಗಿಸ್ರೋ," ಎಂದ ರೊಸೆಂದೊ, ಮೆಲ್ಲಗೆ. ಮತ್ತೆ ಅವಳ ಕಡೆ ತಿರುಗಿ, "ನಾಲ್ಕಕ್ಕೆ ಬರ್ತೀನಿ," ಎಂದು ಹೋದ.

ನಾಲ್ಕಕ್ಕೆ ಬರಲಿಲ್ಲ. ಆ ಸೆಕೆಯಲ್ಲಿ ಹೆಣ ಕಾಯುವುದಿಲ್ಲ, ಎತ್ತಿದರು.

ಸ್ಮಶಾನದ ದಾರಿ ಕೊಳದ ಏರಿಯ ಮೇಲೆ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಏರಿಯ ಮೇಲೆ ಕಪ್ಪು ಕೋಟು, ಶೂಗಳು, ರಾಶಿ ಬಿದ್ದ ಅಂತರಗಂಗೆ. ರೊಸೆಂದೊ ಎದೆಮಟ್ಟ ನೀರಿನಲ್ಲಿ ಬೆನ್ನು ಬಾಗಿಸಿ ಜಾಲರಿಯಿಂದ ಬೇರುಗಳನ್ನು ಕಿತ್ತು ಎಸೆಯುತ್ತಿದ್ದ. ಒಳಗೆ ಚಕ್ರ ಆಗಷ್ಟೇ ಸಲೀಸಾಗಿ ತಿರುಗತೊಡಗಿತ್ತು.

ಪೆಟ್ಟಿಗೆ ಕಂಡು ಅವನು ನೆಟ್ಟಗಾದ. ಬಾಯ್ಲರು ಮನೆಯ ಕಿಟಕಿಯಲ್ಲಿದ್ದ ಚುಚೊಗೆ ಕೂಗಿದ: "ಸೀಟಿ ಎಳಿ."

"ಮೇಸ್ತ್ರಿ, ಒಲೆ ತಗ್ಗಿಸಿದೀವಿ. ಇರೋ ಉಗಿ ಚಕ್ರಕ್ಕಷ್ಟೇ ಸಾಲುತ್ತೆ. ಸೀಟಿಗೆ ಬಿಟ್ರೆ ನಿಂತುಬಿಡುತ್ತೆ. ಇಷ್ಟು ಗಾಡಿ ಕಾಯ್ತಾ ಇವೆ."

"ಕಾಯ್ಲಿ. ಎಳಿ."

ಸೀಟಿ ಕೂಗಿತು. ಹೊತ್ತವರು ಏರಿಯ ಮೇಲೆ ನಿಂತರು. ನೆರೈದಾ ಸೀಟಿಯ ಅಡಿಯಲ್ಲಿ ಇನ್ನೊಂದು ಸದ್ದನ್ನೂ ಕೇಳುತ್ತಿದ್ದಳು: ಗಾಣದ ಚಕ್ರ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಚುಚೊ ಸೀಟಿಯ ಹಗ್ಗ ಬಿಡಲಿಲ್ಲ. ಗಾಡಿಯವರು ಒಬ್ಬೊಬ್ಬರಾಗಿ ಹ್ಯಾಟು ತೆಗೆದರು.

ಸೀಟಿ ಉಸಿರು ಕಟ್ಟಿ ನಿಂತ ಮೇಲೆ ಅವಳು ಕೊಳದ ಕಡೆ ನೋಡಿದಳು. ನಲವತ್ತು ವರ್ಷ ಒಲೆಯ ಮುಂದೆ ನಿಂತ ರೊಸೆಂದೊ, ಏಪ್ರಿಲ್ಲಿನ ಬಿಸಿಲನ್ನು ನೆತ್ತಿಯ ಮೇಲೆ ಹೊತ್ತು, ನೀಲಿಗಟ್ಟಿದ ತುಟಿಗಳಲ್ಲಿ ಗಡಗಡ ನಡುಗುತ್ತಿದ್ದ.